ನಾಣಕಪರೀಕ್ಷೆಯೂ ಪರೀಕ್ಷಕನ ಹೊಣೆಯೂ

1. ವಿಷಯಪ್ರವೇಶ

ಚಿತ್ರದುರ್ಗದ ಸೀಮೆಯು ನಾಣ್ಯಶಾಸ್ತ್ರಜ್ಞರಿಗೆ ಅಪರಿಚಿತವಾದುದಲ್ಲ. ಚಂದ್ರವಳ್ಳಿಯ ನೆಲದಲ್ಲಿ ಸದಕನ ಕಳಲಾಯ ಮಹಾರಠಿಯ ಸೀಸದ ನಾಣ್ಯಗಳೂ, ರೋಮಕ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಇವರ ಬೆಳ್ಳಿಯ ದೆನಾರಿಯಸ್ಸುಗಳೂ ದೊರೆತಿರುವುವು. 1909ರಲ್ಲಿ ಆರ್. ನರಸಿಂಹಾಚಾರ್ಯರು, ಅವರ ತರುವಾಯ ಎಂ. ಹೆಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿ ಅಗೆತದ ಕಾರ್ಯವನ್ನು ನಡೆಸಿದ ಸಂಗತಿಯು ವಾಚಕರಿಗೆ ವಿದಿತವೇ ಆಗಿದೆ. ಇಂತಹ ಸೀಮೆಯಲ್ಲಿ ಹಳೆಯ ನಾಣ್ಯದ ಮೇಲೆ ಆಸಕ್ತಿ ಹುಟ್ಟುವುದು ಸಹಜ. ಆಸಕ್ತಿಯಿದ್ದೆಡೆಯಲ್ಲಿ ವ್ಯಾಪಾರವೂ, ವ್ಯಾಪಾರವಿದ್ದೆಡೆಯಲ್ಲಿ ವಂಚನೆಯೂ ಸೇರಿಕೊಳ್ಳುವುದು ಅಷ್ಟೇ ಸಹಜ.

ಈ ಲೇಖಕನ ವಾಸವು ಮೊಳಕಾಲ್ಮೂರು ತಾಲೂಕಿನ ಬಿ.ಜಿ. ಕೆರೆಯಲ್ಲಿ. ಕೆಲವು ತಿಂಗಳುಗಳ ಹಿಂದೆ ಚಳ್ಳಕೆರೆಯ ಕಡೆಯ ಪ್ರೌಢಶಾಲೆಯೊಂದರ ಕನ್ನಡ ಉಪಾಧ್ಯಾಯರೊಬ್ಬರು ಬಂದು, ಗಟ್ಟಿಯಾಗಿ ಮುಚ್ಚಿದ ಪ್ಲಾಸ್ಟಿಕ್ಕಿನ ಪುಟ್ಟ ಸಂಪುಟವೊಂದನ್ನು ನನ್ನ ಮುಂದಿರಿಸಿದರು. ಒಳಗೆ ಚಿನ್ನದ ಒಂದು ವರಾಹ. ಮೇಲಣ ಚೀಟಿಯಲ್ಲಿ ವಿಜಯನಗರದ ಸದಾಶಿವರಾಯನ ಹೆಸರು, ದರ್ಜೆಯನ್ನು ಸೂಚಿಸುವ ಒಂದು ಅಂಕ, ಒಂದು ಕ್ರಮಸಂಖ್ಯೆ, ಒಂದು ಸಂಸ್ಥೆಯ ಗುರುತು. ಆ ಸಂಸ್ಥೆಯ ಹೆಸರನ್ನು ನಾನಾಗಲಿ ಅವರಾಗಲಿ ಅದುವರೆಗೆ ಕೇಳಿರಲಿಲ್ಲ. “ಪಂಡಿತರೇ, ಎರಡು ವರ್ಷದ ಉಳಿತಾಯವನ್ನು ಇದಕ್ಕೆ ಹಾಕಿದ್ದೇನೆ. ಈ ಚೀಟಿಯನ್ನು ನಂಬಬಹುದೇ, ಹೇಳಿ” ಎಂದರು.

ಅವರ ಪ್ರಶ್ನೆಯು ಒಬ್ಬರದಲ್ಲ. ನಾಣ್ಯಗಳನ್ನು ಪರೀಕ್ಷಿಸಿ, ದರ್ಜೆಯನ್ನು ಗೊತ್ತುಮಾಡಿ, ಸಂಪುಟದಲ್ಲಿ ಮುದ್ರಿಸಿ ಕೊಡುವ ಕಾರ್ಯವನ್ನು ಸಂಗ್ರಾಹಕರು ಗ್ರೇಡಿಂಗ್ ಎನ್ನುವರು. ಇದನ್ನು ನಡೆಸುವ ಹೆಸರುವಾಸಿ ಸಂಸ್ಥೆಗಳು ಕೆಲವೇ ಇದ್ದರೂ, ಹೆಸರು ಕೇಳಿಬರದ ಸಂಸ್ಥೆಗಳು ಅನೇಕ. ಇವುಗಳ ಮಾತಿಗೆ ಪ್ರಾಮಾಣ್ಯವುಂಟೇ? ಉಂಟಾದರೆ ಯಾವುದರಿಂದ? ಇದೇ ಪ್ರಕೃತ ಲೇಖನದ ವಿಚಾರ. ನಮ್ಮ ಶಾಸ್ತ್ರಕಾರರು ಇದೇ ಪ್ರಶ್ನೆಯನ್ನು ಎದುರಿಸಿ ಉತ್ತರವನ್ನು ಹೇಳಿರುವುದರಿಂದ, ಮೊದಲು ಅವರ ಬಳಿಗೆ ಹೋಗುವುದು ಯುಕ್ತ.

2. ಶಾಸ್ತ್ರಗಳಲ್ಲಿ ನಾಣ್ಯಪರೀಕ್ಷಕ

ನಾಣ್ಯವನ್ನು ನೋಡಿ ನಿರ್ಣಯಿಸುವವನು ನಮ್ಮ ದೇಶದಲ್ಲಿ ಬಹು ಪ್ರಾಚೀನನು. ಪತಂಜಲಿಯು ಮಹಾಭಾಷ್ಯದಲ್ಲಿ ವ್ಯಾಕರಣದ ಉದಾಹರಣೆಯೊಂದಕ್ಕೆ, ರೂಪತರ್ಕನು ಕಾರ್ಷಾಪಣವನ್ನು ನೋಡುವ ಸಂಗತಿಯನ್ನು ತೆಗೆದುಕೊಂಡಿರುವನು. ವೈಯಾಕರಣರು ಉದಾಹರಣೆಗಾಗಿ ಆರಿಸುವುದು ಎಲ್ಲರೂ ಕಂಡ ವಸ್ತುವನ್ನೇ ಆದುದರಿಂದ, ರೂಪತರ್ಕನು ಅಂದಿನ ಪೇಟೆಯಲ್ಲಿ ನಿತ್ಯವೂ ಕಾಣುವ ಮನುಷ್ಯನಾಗಿದ್ದನೆಂದು ಊಹಿಸಬಹುದು. ಕನ್ನಡದಲ್ಲಿ ಇವನಿಗೆ ನೋಟಗಾರನೆಂದು ಹೆಸರು. ನೋಟವೇ ಅವನ ವೃತ್ತಿ.

ಕೌಟಿಲ್ಯನು ಈ ಅಧಿಕಾರಿಯನ್ನು ರೂಪದರ್ಶಕನೆಂದು ಕರೆದಿರುವನು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಇವನ ಕೆಲಸವು ಹೇಳಲ್ಪಟ್ಟಿದೆ. ವ್ಯವಹಾರಕ್ಕೆ ಸಲ್ಲುವ ನಾಣ್ಯವಾವುದು, ಕೋಶಕ್ಕೆ ಸಲ್ಲುವುದಾವುದು ಎಂಬುದನ್ನು ಅವನು ಗೊತ್ತುಮಾಡಬೇಕು. ಪರೀಕ್ಷೆಯ ಶುಲ್ಕವು ನೂರಕ್ಕೆ ಎಂಟನೆಯ ಒಂದು ಭಾಗ. ಇಲ್ಲಿಯವರೆಗೆ ವಿಶೇಷವೇನೂ ಇಲ್ಲ. ಆದರೆ ಚತುರ್ಥಾಧಿಕರಣದಲ್ಲಿ, ಜನರನ್ನು ಪೀಡಿಸುವ ಕಂಟಕರ ವಿಚಾರ ಬರುವಲ್ಲಿ, ಇದೇ ರೂಪದರ್ಶಕನು ಮತ್ತೆ ಕಾಣಿಸಿಕೊಳ್ಳುವನು. ಸಲ್ಲುವ ಪಣವನ್ನು ಸಲ್ಲದೆಂದರೂ ಸಲ್ಲದ ಪಣವನ್ನು ಸಲ್ಲುವುದೆಂದರೂ ಅವನಿಗೆ 12 ಪಣಗಳ ದಂಡ. ಕೂಟನಾಣ್ಯವನ್ನು ಮಾಡಿಸುವವನಿಗೂ, ತಿಳಿದು ತೆಗೆದುಕೊಳ್ಳುವವನಿಗೂ, ಚಲಾಯಿಸುವವನಿಗೂ ಸಾವಿರ ಪಣ. ಅದನ್ನು ಅರಸನ ಕೋಶದಲ್ಲಿ ಸೇರಿಸಿದವನಿಗೆ ವಧೆ.

ಯಾಜ್ಞವಲ್ಕ್ಯ ಸ್ಮೃತಿಯು ಇದಕ್ಕಿಂತಲೂ ಕಠಿನ. ವ್ಯವಹಾರಾಧ್ಯಾಯದಲ್ಲಿ ತೂಕ, ಶಾಸನ, ಅಳತೆ, ನಾಣಕ ಇವುಗಳನ್ನು ಕೃತ್ರಿಮವಾಗಿ ಮಾಡಿದವನಿಗೆ ಉತ್ತಮಸಾಹಸದ ದಂಡವನ್ನು ವಿಧಿಸಿ, ಅದರ ಮುಂದಿನ ಶ್ಲೋಕದಲ್ಲಿಯೇ ನಾಣಕಪರೀಕ್ಷಿಯನ್ನು ಹಿಡಿದಿರುವನು. ಒಳ್ಳೆಯದನ್ನು ಕೂಟವೆಂದೂ ಕೂಟವನ್ನು ಒಳ್ಳೆಯದೆಂದೂ ಹೇಳುವ ಪರೀಕ್ಷಕನಿಗೆ ಅದೇ ಉತ್ತಮಸಾಹಸ, ಎಂದರೆ ಯಾಜ್ಞವಲ್ಕ್ಯನ ಲೆಕ್ಕದಲ್ಲಿ 1080 ಪಣ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದನ್ನು ವಿವರಿಸುತ್ತ, ತಾಮ್ರವೇ ಮೊದಲಾದುದನ್ನು ಒಳಗಿಟ್ಟ ದ್ರಮ್ಮವನ್ನು ಸಮೀಚೀನವೆಂದು ಹೇಳುವ ಪರೀಕ್ಷಕನನ್ನು ನಿದರ್ಶನವಾಗಿ ಕೊಟ್ಟಿರುವನು.

ಇಲ್ಲಿ ಎರಡು ಅಂಶಗಳನ್ನು ವಿದ್ವಾಂಸರು ಲಕ್ಷಿಸಬೇಕು. ಕೂಟನಾಣ್ಯವನ್ನು ಮಾಡಿದವನಿಗೂ ಅದನ್ನು ಒಳ್ಳೆಯದೆಂದವನಿಗೂ ಸ್ಮೃತಿಯಲ್ಲಿ ದಂಡವು ಸಮಾನವಾಗಿದೆ; ಸುಳ್ಳುಪರೀಕ್ಷೆಯು ಸುಳ್ಳುನಾಣ್ಯದಷ್ಟೇ ಅಪಾಯವೆಂಬುದು ಇದರ ತಾತ್ಪರ್ಯ. ಎರಡನೆಯದು, ದಂಡವು ಎರಡು ಕಡೆಗೂ ಹರಿಯುವುದು. ಖೋಟಾ ನಾಣ್ಯವನ್ನು ಹೊಗಳುವುದು ಮಾತ್ರವೇ ಅಪರಾಧವಾಗಿದ್ದರೆ, ಪರೀಕ್ಷಕನು ಸುಮ್ಮನೆ ಎಲ್ಲವನ್ನೂ ತಳ್ಳಿಬಿಟ್ಟು ಕ್ಷೇಮವಾಗಿರಬಹುದಾಗಿತ್ತು. ಚೊಕ್ಕ ನಾಣ್ಯದ ಒಡೆಯನಿಗೆ ಆಗುವ ನಷ್ಟವನ್ನೂ ಶಾಸ್ತ್ರವು ಎಣಿಸಿದೆ. ಪರೀಕ್ಷಕನ ಕೀರ್ತಿಯನ್ನಾಗಲಿ ಕುಲವನ್ನಾಗಲಿ ಈ ಪ್ರಕರಣಗಳು ಎತ್ತುವುದೇ ಇಲ್ಲ. ಅವು ಕೇಳುವುದು ಒಂದನ್ನೇ: ಮಾತು ತಪ್ಪಿದರೆ ತೆರುವವರಾರು?

3. ಹಳೆಯ ಮುದ್ರೆಗಳ ಸಾಕ್ಷ್ಯ

ಈ ಹೊಣೆಯು ಗ್ರಂಥದಲ್ಲಿ ಮಾತ್ರವಿದ್ದು ವ್ಯವಹಾರದಲ್ಲಿ ಇರಲಿಲ್ಲವೋ ಎಂಬ ಶಂಕೆಗೆ ನಾಣ್ಯಗಳೇ ಸಮಾಧಾನವನ್ನು ಹೇಳುವುವು. ಬೆಳ್ಳಿಯ ಪ್ರಾಚೀನ ಕಾರ್ಷಾಪಣಗಳಲ್ಲಿ ಅಧಿಕೃತ ಮುದ್ರೆಗಳಲ್ಲದೆ, ಅಲ್ಲಲ್ಲಿ ಕಿರಿದಾದ ಬೇರೆ ಗುರುತುಗಳು ಕಾಣಬರುವುವು. ಚಲಾವಣೆಯ ಕಾಲದಲ್ಲಿ ಶರಾಫರು ಪರೀಕ್ಷಿಸಿ ಒತ್ತಿದ ಗುರುತುಗಳಿವು ಎಂದು ನಾಣ್ಯಶಾಸ್ತ್ರಜ್ಞರು ಅಭಿಪ್ರಾಯಪಟ್ಟಿರುವರು. ಮೊಗಲರ ರೂಪಾಯಿಗಳಲ್ಲಿಯೂ ಇಂತಹ ಶರಾಫ ಮುದ್ರೆಗಳುಂಟು. ಒಬ್ಬನು ಒತ್ತಿದ ಮೇಲೆ ಮತ್ತೊಬ್ಬನು ತನ್ನದನ್ನು ಒತ್ತುವನು. ಮೊದಲನೆಯವನ ಮಾತನ್ನು ನಂಬಿ ಕೈಕಟ್ಟಿ ಕೂರುವುದಿಲ್ಲ. ಹೀಗೆ ಒಂದೇ ನಾಣ್ಯದ ಮೇಲೆ ಹಲವು ಕೈಗಳ ಸಾಕ್ಷ್ಯವು ಕೂಡಿಬರುತ್ತಿತ್ತು.

ಇಂದಿನ ದರ್ಜೆನಿರ್ಣಯದಲ್ಲಿ ಆ ಶರಾಫ ಮುದ್ರೆಯೇ ರೂಪಾಯಿಯ ದೋಷವಾಗಿ ಎಣಿಸಲ್ಪಟ್ಟು ಬೆಲೆಯನ್ನು ಇಳಿಸುವುದು. ಅಂದು ವಿಶ್ವಾಸದ ಗುರುತಾಗಿದ್ದುದು ಇಂದು ಗಾಯವಾಗಿದೆ. ಸಂಗ್ರಾಹಕನ ದೃಷ್ಟಿಯಿಂದ ಇದು ತಪ್ಪೆನ್ನಲಾಗದು. ಆದರೆ ಅಂದು ನಾಣ್ಯವು ಕೈಯಿಂದ ಕೈಗೆ ಹೋಗುತ್ತ ಮರುಪರೀಕ್ಷೆಗೆ ತೆರೆದಿತ್ತು, ಇಂದು ಸಂಪುಟದೊಳಗೆ ಮುಚ್ಚಲ್ಪಟ್ಟು ಒಂದೇ ಪರೀಕ್ಷೆಯ ವಶದಲ್ಲಿ ಉಳಿಯುವುದು. ಈ ಭೇದವನ್ನು ಮರೆಯಬಾರದು.

4. ಅಂಕದ ಉತ್ಪತ್ತಿ

ಈಗ ಸಂಪುಟದ ಮೇಲಣ ಅಂಕವು ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ಅಮೆರಿಕದ ವಿಲಿಯಂ ಷೆಲ್ಡನ್ ಎಂಬಾತನು 1949ರಲ್ಲಿ ಆ ದೇಶದ ಹಳೆಯ ತಾಮ್ರದ ಸೆಂಟುಗಳ ವಿಷಯವಾಗಿ ಗ್ರಂಥವೊಂದನ್ನು ಪ್ರಕಟಿಸಿ, ಅವುಗಳ ಸ್ಥಿತಿಯನ್ನು ಸೂಚಿಸಲು 1ರಿಂದ 70ರವರೆಗಿನ ಶ್ರೇಣಿಯನ್ನು ಏರ್ಪಡಿಸಿದನು. ಗುರುತು ಹಿಡಿಯುವಷ್ಟು ಮಾತ್ರ ಉಳಿದು ಸವೆದುಹೋದುದಕ್ಕೆ 1, ಕಳಂಕವಿಲ್ಲದುದಕ್ಕೆ 70. ಸವೆದುದರ ಬೆಲೆಗೆ ಎಪ್ಪತ್ತರಷ್ಟು ಬೆಲೆಯು ಕಳಂಕವಿಲ್ಲದುದಕ್ಕೆ ಸಲ್ಲಬೇಕೆಂಬ ಲೆಕ್ಕಾಚಾರವು ಇದರ ಮೂಲದಲ್ಲಿತ್ತು. ಆ ಬೆಲೆಯ ಲೆಕ್ಕವು ಬಹು ಬೇಗ ಬಿದ್ದುಹೋದರೂ ಅಂಕವು ಉಳಿದುಕೊಂಡಿತು. ಅಮೆರಿಕದ ನಾಣ್ಯಸಂಗ್ರಾಹಕರ ಸಂಘವು 1972ರಲ್ಲಿ ನಾಣ್ಯಗಳ ಸತ್ಯಾಸತ್ಯವನ್ನು ದೃಢೀಕರಿಸುವ ಕಾರ್ಯವನ್ನು ಆರಂಭಿಸಿತು. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಸಂಸ್ಥೆಗಳು ಹುಟ್ಟಿ, ಸಂಪುಟದಲ್ಲಿ ಮುಚ್ಚಿಕೊಡುವ ಪದ್ಧತಿಯನ್ನು ಬಳಕೆಗೆ ತಂದುವು. ಈಗ ಹೆಸರುವಾಸಿಗಳೆಂದರೆ ಮುಖ್ಯವಾಗಿ ಇವೇ. ಇವುಗಳನ್ನು ನೋಡಿ ಹುಟ್ಟಿಕೊಂಡ ಕಿರಿಯ ಸಂಸ್ಥೆಗಳು ಎಲ್ಲೆಡೆಯೂ ಹಬ್ಬಿರುವುವು.

ಹೆಸರುವಾಸಿಯಾದುದೇ ಪ್ರಮಾಣವೆಂದು ಹೇಳಿ ಮುಗಿಸಬಹುದೇ? ಆಗದು. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪಿ.ಸಿ.ಜಿ.ಎಸ್. ತನ್ನ ದರ್ಜೆನಿರ್ಣಯವು ಏಕರೂಪವಾದುದು, ವ್ಯಕ್ತಿನಿರಪೇಕ್ಷವಾದುದು ಎಂದು ಅತಿಯಾಗಿ ಹೇಳಿಕೊಂಡಿತೆಂದು ಆಕ್ಷೇಪಿಸಿ ವ್ಯವಹಾರ ಹೂಡಿತು. ಅದು ಒಪ್ಪಂದದಲ್ಲಿ ಮುಗಿಯಿತು. ಎನ್.ಜಿ.ಸಿ.ಯ ಪ್ರಾಚೀನ ನಾಣ್ಯ ವಿಭಾಗವು ತನಗೆ ಸಾಚಾ ಎಂದು ತೋರಿದವಕ್ಕೆ ಮಾತ್ರ ದರ್ಜೆ ಕೊಡುವುದಾಗಿ ಹೇಳುವುದಾದರೂ, ಸಾಚಾತನಕ್ಕಾಗಲಿ ಕಾಲ ಕರ್ತೃಗಳ ನಿರ್ಣಯಕ್ಕಾಗಲಿ ತಾನು ಜಾಮೀನಲ್ಲವೆಂದು ಸ್ಪಷ್ಟವಾಗಿಯೇ ತಿಳಿಸಿರುವುದು. ಇದನ್ನು ನಾನು ದೋಷವೆನ್ನುವುದಿಲ್ಲ. ಎಷ್ಟಕ್ಕೆ ಹೊಣೆ, ಎಷ್ಟಕ್ಕೆ ಹೊಣೆಯಲ್ಲ ಎಂಬುದನ್ನು ಮುಂಚಿತವಾಗಿ ಹೇಳುವುದೂ ಪ್ರಾಮಾಣಿಕತೆಯೇ.

ಇನ್ನು ಷೆಲ್ಡನ್ನನ ಸ್ವಂತ ಚರಿತ್ರೆಯೇ ಒಂದು ಪಾಠ. ಆತನು 1977ರಲ್ಲಿ ಮೃತನಾದನು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ಆತನು ತೆಗೆದುಕೊಂಡು, ಅವುಗಳ ಸ್ಥಾನದಲ್ಲಿ ತನ್ನ ಕೀಳುದರ್ಜೆಯವನ್ನು ಇರಿಸಿದ್ದನೆಂಬುದು ಹಲವು ವರ್ಷಗಳ ಮೇಲೆ, ಹಳೆಯ ಛಾಯಾಚಿತ್ರಗಳ ಹೋಲಿಕೆಯಿಂದ ಹೊರಬಿದ್ದಿತು. ದರ್ಜೆಯ ಶ್ರೇಣಿಯನ್ನು ಕಟ್ಟಿದವನೇ ದರ್ಜೆಗಳನ್ನು ಅದಲುಬದಲು ಮಾಡಿದನು. ಆ ಕಾಲದಲ್ಲಿ ಅವನಿಗಿಂತ ಪ್ರಸಿದ್ಧನಾದ ಪರೀಕ್ಷಕನು ಆ ವಿಷಯದಲ್ಲಿ ಇರಲಿಲ್ಲ. ಸಂಗ್ರಹವನ್ನು ಕಾಪಾಡಿದುದು ಪ್ರಸಿದ್ಧಿಯಲ್ಲ. ಯಾರು ಬೇಕಾದರೂ ತೆಗೆದು ನೋಡಬಹುದಾಗಿದ್ದ ದಾಖಲೆ.

5. ಮೂರು ಪ್ರಶ್ನೆಗಳು, ಒಂದು ಅಂಕ

ಸಂಗ್ರಾಹಕರಲ್ಲಿ ಹುಟ್ಟುವ ಗೊಂದಲಕ್ಕೆ ಮುಖ್ಯ ಕಾರಣವೆಂದರೆ, ಬೇರೆ ಬೇರೆಯಾದ ಮೂರು ಪ್ರಶ್ನೆಗಳು ಒಂದೇ ಚೀಟಿಯಲ್ಲಿ ಬೆರೆತುಹೋಗುವುದು. ನಾಣ್ಯವು ಸಾಚಾ ಆದುದೋ ಕೂಟವೋ ಎಂಬುದು ಮೊದಲನೆಯ ಪ್ರಶ್ನೆ. ಯಾವ ಅರಸನದು, ಯಾವ ಕಾಲದ್ದು ಎಂಬುದು ಎರಡನೆಯದು. ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂಬುದು ಮೂರನೆಯದು. ಅಂಕವು ಉತ್ತರ ಕೊಡುವುದು ಈ ಮೂರನೆಯದಕ್ಕೆ ಮಾತ್ರ. ಯಂತ್ರದಲ್ಲಿ ಅಚ್ಚಾದ ನಾಣ್ಯಗಳಲ್ಲಿ ಒಂದರಂತೆ ಒಂದು ಇರುವುದರಿಂದ ಸವಕಳಿಯನ್ನು ಅಳೆಯುವುದು ಸುಲಭ. ನಮ್ಮ ವರಾಹ, ಪಣಗಳು ಕೈಯಿಂದ ಬಡಿದವು. ಅಚ್ಚು ಅಗಲವಾಗಿ ಬಿಲ್ಲೆ ಕಿರಿದಾಗಿರುವುದರಿಂದ ಅಕ್ಷರಗಳು ಹುಟ್ಟಿನಲ್ಲಿಯೇ ಅರ್ಧ ಹೊರಗುಳಿದಿರುವುವು. ಹುಟ್ಟಿನ ಕೊರತೆಯಾವುದು, ಸವಕಳಿಯಾವುದು ಎಂಬುದನ್ನು ಬಿಡಿಸಬಲ್ಲವನು ಆ ವರ್ಗದ ನೂರಾರು ನಾಣ್ಯಗಳನ್ನು ಕೈಯಲ್ಲಿ ಹಿಡಿದವನು ಮಾತ್ರ.

ಉಪಾಧ್ಯಾಯರ ವರಾಹಕ್ಕೆ ಬರೋಣ. ಭೂತಗನ್ನಡಿಯಿಂದ ನೋಡಿದಾಗ ಒಂದು ಮಗ್ಗುಲಲ್ಲಿ ಉಮಾಮಹೇಶ್ವರರು ಕುಳಿತಿರುವರು. ಇನ್ನೊಂದರಲ್ಲಿ ನಾಗರಲಿಪಿಯ ಮೂರು ಸಾಲು. ಅಲ್ಲಿದ್ದುದು ಶ್ರೀ ಸದಾಶಿವ ಎಂದಷ್ಟೇ. ವಿಜಯನಗರದ ಸದಾಶಿವರಾಯನ ನಾಣ್ಯಗಳಲ್ಲಿ ಶ್ರೀ ಪ್ರತಾಪ ಎಂಬ ಬಿರುದೂ ರಾಯ ಎಂಬ ಪದವೂ ಸೇರಿರುವುವು. ಇವಿಲ್ಲದೆ ಶ್ರೀ ಸದಾಶಿವ ಎಂದಿರುವ ವರಾಹವು ಕೆಳದಿಯ ನಾಯಕರದು; ಇಕ್ಕೇರಿ ವರಾಹವೆಂದು ದೇಶದಲ್ಲೆಲ್ಲ ಹೆಸರಾದುದು. ಈ ಉಮಾಮಹೇಶ್ವರ ರೂಪವನ್ನು ವಿಜಯನಗರದವರಿಂದ ಕೆಳದಿಯವರೂ, ಅವರ ತರುವಾಯ ಹೈದರಾಲಿಯೂ, ಆ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಮುಂದುವರಿಸಿದರು. ಹೈದರನದರಲ್ಲಿ ಹಿಂದುಗಡೆ ಅವನ ಹೆಸರಿನ ಮೊದಲ ಪಾರಸಿ ಅಕ್ಷರ, ಒಡೆಯರದರಲ್ಲಿ ಶ್ರೀ ಕೃಷ್ಣರಾಜ ಎಂಬ ಬರಹ. ದೇವತಾಮೂರ್ತಿಯನ್ನು ಮಾತ್ರ ನೋಡಿ ನಿರ್ಣಯಿಸಿದವನು ಇಲ್ಲಿ ಎಡವುವುದು ನಿಶ್ಚಯ. ಲಿಪಿಯನ್ನು ಓದದೆ ಬರೆದ ಚೀಟಿಯದು.

ಆದುದರಿಂದ ಆ ನಾಣ್ಯದ ವಿಷಯದಲ್ಲಿ, ಸಾಚಾ ಎಂಬುದು ತೂಕದಿಂದಲೂ ಅಚ್ಚಿನಿಂದಲೂ ಸಂಭಾವ್ಯವಾಗಿ ಕಂಡಿತು, ಅಂಕದಲ್ಲಿಯೂ ಹೆಚ್ಚಿನ ತಪ್ಪಿರಲಿಲ್ಲ. ಕರ್ತೃನಿರ್ಣಯವು ಮಾತ್ರ ತಪ್ಪಾಗಿತ್ತು. ಬಹುಕಾಲ ಚಲಾವಣೆಯಲ್ಲಿದ್ದು ಹೆಚ್ಚಾಗಿ ದೊರೆಯುವ ಇಕ್ಕೇರಿ ವರಾಹಕ್ಕೆ ಅವರು ಚಕ್ರವರ್ತಿಯ ಹೆಸರಿನ ಬೆಲೆಯನ್ನು ತೆತ್ತಿದ್ದರು. ಮಾರಿದವರನ್ನು ಕೇಳಿದರೆ, ಚೀಟಿ ನಮ್ಮದಲ್ಲ, ಸಂಸ್ಥೆಯದು ಎಂದರು. ಸಂಸ್ಥೆಗೆ ಬರೆದರೆ, ನಮ್ಮದು ಅಭಿಪ್ರಾಯ ಮಾತ್ರ, ಬೆಲೆಗೆ ಸಂಬಂಧವಿಲ್ಲ ಎಂದು ಉತ್ತರ ಬಂದಿತು. ಕೌಟಿಲ್ಯನ 12 ಪಣಗಳನ್ನು ತೆರುವವರು ಅಲ್ಲಿ ಯಾರೂ ಇರಲಿಲ್ಲ.

6. ಪೂರ್ವಪಕ್ಷ

ಹಾಗಾದರೆ ಕಿರಿಯ ಸಂಸ್ಥೆಗಳನ್ನು ಬಿಟ್ಟು, ಹೊರದೇಶದ ಹೆಸರುವಾಸಿ ಸಂಸ್ಥೆಗಳಿಗೇ ಕಳುಹಿಸಬಾರದೇ ಎಂದು ಕೇಳುವವರುಂಟು. ಇದಕ್ಕೆ ಮೊದಲನೆಯ ಅಡ್ಡಿ ಕಾನೂನಿನದು. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ನಾಣ್ಯವು ಪುರಾವಸ್ತು. ಅದನ್ನು ದೇಶದಿಂದ ಹೊರಗೆ ಕಳುಹಿಸುವ ಅಧಿಕಾರವು ಕೇಂದ್ರ ಸರ್ಕಾರಕ್ಕೂ ಅದು ಅಧಿಕಾರವಿತ್ತ ಸಂಸ್ಥೆಗೂ ಮಾತ್ರವೇ ಉಂಟು. ಆದುದರಿಂದ ವರಾಹವನ್ನು ಅಂಚೆಯಲ್ಲಿ ಹೊರದೇಶಕ್ಕೆ ಕಳುಹಿಸುವುದು ಸಂಗ್ರಾಹಕನಿಗೆ ಸಲ್ಲದ ಕಾರ್ಯ. ಎರಡನೆಯ ಅಡ್ಡಿ ವಿದ್ಯೆಯದು. ಕೆಳದಿಯ ಅಕ್ಷರಕ್ಕೂ ವಿಜಯನಗರದ ಅಕ್ಷರಕ್ಕೂ ಇರುವ ಭೇದವು ಈ ನೆಲದಲ್ಲಿಯೇ ಬೆಳೆದವನಿಗೆ ತಿಳಿದಷ್ಟು ಚೆನ್ನಾಗಿ ದೂರದವನಿಗೆ ತಿಳಿಯಬೇಕೆಂಬ ನಿಯಮವಿಲ್ಲ. ಹೀಗಿರಲು, ನಮ್ಮ ನಾಣ್ಯಗಳಿಗೆ ಕಿರಿಯ ದೇಶೀಯ ಪರೀಕ್ಷಕರೇ ಗತಿಯಾಗುವ ಸಂದರ್ಭವು ಹೆಚ್ಚು. ಅವರನ್ನು ಸಾರಾಸಗಟಾಗಿ ತಳ್ಳುವುದು ಚೊಕ್ಕ ಪಣವನ್ನು ಸಲ್ಲದೆಂದ ರೂಪದರ್ಶಕನ ದೋಷಕ್ಕೆ ಸಮಾನ.

ಸಂಪುಟ ಗಟ್ಟಿಯಾಗಿದೆ, ಅದನ್ನು ಯಾರು ನಕಲುಮಾಡಬಲ್ಲರು ಎಂಬ ವಾದವೂ ನಿಲ್ಲುವುದಿಲ್ಲ. 2008ರ ಸುಮಾರಿಗೆ ಹೆಸರುವಾಸಿ ಸಂಸ್ಥೆಗಳ ಸಂಪುಟಗಳೇ ನಕಲಾಗಿ ಪೇಟೆಗೆ ಬಂದುವೆಂದು ಆ ಸಂಸ್ಥೆಗಳೇ ಎಚ್ಚರಿಕೆ ಕೊಟ್ಟುವು. ನಾಣ್ಯಕ್ಕೆ ಕೂಟವಿದ್ದಂತೆ ಚೀಟಿಗೂ ಕೂಟವುಂಟು.

7. ಪರೀಕ್ಷಕನ ಲಕ್ಷಣಗಳು

ಮೇಲೆ ಹೇಳಿದುದರಿಂದ ಫಲಿಸುವ ಲಕ್ಷಣಗಳನ್ನು ಸಂಗ್ರಹಿಸುವೆನು. ಇವು ಹಿರಿಯ ಸಂಸ್ಥೆಗೂ ಕಿರಿಯದಕ್ಕೂ ಸಮಾನ.

ಮೊದಲನೆಯದಾಗಿ, ಪರೀಕ್ಷಿಸುವವನು ಮಾರುವವನಾಗಿರಕೂಡದು. ಮಾರಾಟದಲ್ಲಿ ಪಾಲುಳ್ಳವನೂ ಆಗಿರಕೂಡದು. ದರ್ಜೆಯು ಏರಿದಷ್ಟೂ ಪರೀಕ್ಷಕನ ಲಾಭವು ಏರುವ ಏರ್ಪಾಡನ್ನು ಕಂಡರೆ ದೂರವಿರುವುದು ಲೇಸು.

ಎರಡನೆಯದಾಗಿ, ನಿರ್ಣಯಕ್ಕೆ ಕಾರಣವು ಬರೆದಿರಬೇಕು. ತೂಕವೆಷ್ಟು, ಲೋಹವನ್ನು ಹೇಗೆ ಪರೀಕ್ಷಿಸಿದರು, ಬರಹವನ್ನು ಹೇಗೆ ಓದಿದರು, ಯಾವ ಮುದ್ರಿತ ನಾಣ್ಯದೊಡನೆ ಹೋಲಿಸಿದರು ಎಂಬುದು ತಿಳಿಯಬೇಕು. ಸುಮಾರು 3.4 ಗ್ರಾಂ ತೂಗಬೇಕಾದ ವರಾಹದ ಚೀಟಿಯಲ್ಲಿ ತೂಕವೇ ಇಲ್ಲದಿದ್ದರೆ, ಅಂಕವಿದ್ದು ಫಲವೇನು? ಸಾಹಿತ್ಯದ ಉಪಾಧ್ಯಾಯರಿಗೆ ಇದು ಹೊಸ ಮಾತಲ್ಲ. ಹಳಗನ್ನಡ ಕಾವ್ಯವನ್ನು ಸಂಪಾದಿಸಿದವರು ಯಾವ ಪ್ರತಿಯಲ್ಲಿ ಯಾವ ಪಾಠವಿತ್ತೆಂದು ಅಡಿಯಲ್ಲಿ ಕೊಡದಿದ್ದರೆ, ಸಂಪಾದಕರು ಎಷ್ಟೇ ದೊಡ್ಡವರಾದರೂ ನಾವು ಆ ಮುದ್ರಣವನ್ನು ಪ್ರಮಾಣವೆನ್ನುವುದಿಲ್ಲ. ಪಾಠಾಂತರಗಳನ್ನು ಕೊಟ್ಟ ಅಪ್ರಸಿದ್ಧ ಸಂಪಾದಕನನ್ನಾದರೋ ನಾವೇ ತಿದ್ದಿಕೊಂಡು ಓದಬಹುದು. ಕಾರಣವನ್ನು ಹೇಳುವ ಪರೀಕ್ಷಕನ ತಪ್ಪೂ ಉಪಕಾರಕ. ಹೇಳದವನ ಸರಿಯೂ ಕುರುಡು.

ಮೂರನೆಯದಾಗಿ, ಮರುಪರೀಕ್ಷೆಗೆ ಮನಸ್ಸಿರಬೇಕು. ಎರಡೂ ಮಗ್ಗುಲಿನ ಛಾಯಾಚಿತ್ರವನ್ನು ಕ್ರಮಸಂಖ್ಯೆಯೊಡನೆ ಸಂಸ್ಥೆಯು ಇರಿಸಿಕೊಂಡು, ಕೇಳಿದವರಿಗೆ ತೋರಿಸಬೇಕು. ಸಂಪುಟವನ್ನು ಒಡೆದು ಇನ್ನೊಬ್ಬನಿಗೆ ತೋರಿಸಿದರೆ ಮುನಿಯುವವನು ಶರಾಫನಲ್ಲ.

ನಾಲ್ಕನೆಯದಾಗಿ, ತಪ್ಪಿದರೆ ತೆರುವ ಬರಹವಿರಬೇಕು: ಎಷ್ಟಕ್ಕೆ, ಯಾವ ಸಂದರ್ಭದಲ್ಲಿ, ಎಷ್ಟು ಕಾಲದೊಳಗೆ ಎಂಬುದು.

ಐದನೆಯದಾಗಿ, ನಿರ್ಣಯಿಸಲಾಗದು ಎಂದು ಹೇಳುವ ಧೈರ್ಯವಿರಬೇಕು. ಕಳುಹಿಸಿದ ಪ್ರತಿಯೊಂದಕ್ಕೂ ಅಂಕ ಕೊಟ್ಟು ಹಿಂದಿರುಗಿಸುವ ಸಂಸ್ಥೆಯು ನೋಟಗಾರನಲ್ಲ, ಚೀಟಿಯ ಅಂಗಡಿ.

ಕೊನೆಯದಾಗಿ, ನಾಣ್ಯವು ಬಂದ ದಾರಿ. ಚಂದ್ರವಳ್ಳಿಯ ಸೀಸದ ಬಿಲ್ಲೆಯೊಂದಕ್ಕೆ ಪೇಟೆಯ ದರ್ಜೆ ಕಡಿಮೆಯಿರಬಹುದು. ಅದು ಯಾವ ಪದರದಲ್ಲಿ ಯಾವ ಮಡಕೆಯೊಡನೆ ದೊರೆಯಿತೆಂಬುದು ತಿಳಿದಿರುವುದರಿಂದಲೇ ಅದಕ್ಕೆ ಬೆಲೆ. ಹೊಲದಲ್ಲಿ ನಿಧಿ ಸಿಕ್ಕಿದರೆ ಕರ್ನಾಟಕದಲ್ಲಿ 1962ರ ನಿಧಿ ಅಧಿನಿಯಮವು ಅನ್ವಯಿಸುವುದು. ಅದನ್ನು ಅಧಿಕಾರಿಗಳಿಗೆ ತಿಳಿಸಬೇಕು. ಯಾವ ಸಂಪುಟವೂ ಕದ್ದುದನ್ನು ನ್ಯಾಯವಾಗಿ ಮಾಡಲಾರದು.

8. ಉಪಸಂಹಾರ

ಇಷ್ಟನ್ನು ಹೇಳಿ ನನ್ನ ತಪ್ಪನ್ನು ಮರೆಮಾಡುವುದು ಉಚಿತವಲ್ಲ. ಹಲವು ವರ್ಷಗಳ ಕೆಳಗೆ ಬಂಧುಗಳೊಬ್ಬರು ಗಂಡಭೇರುಂಡದ ವರಾಹವೊಂದನ್ನು ತೋರಿಸಿದಾಗ, ತೂಗದೆ, ಅಂಚನ್ನು ನೋಡದೆ, ಅಚ್ಯುತರಾಯನದೆಂದು ಸಂತೋಷದಿಂದ ನುಡಿದುಬಿಟ್ಟೆನು. ನನ್ನ ಮಾತಿನ ಬಲದಿಂದ ಅದು ಇನ್ನೊಬ್ಬರಿಗೆ ಮಾರಾಟವಾಯಿತು. ಆ ಮೇಲೆ ನೋಡಿದರೆ ತೂಕ ಕಡಿಮೆ, ಅಂಚಿನಲ್ಲಿ ಎರಕದ ಗೆರೆ. ಯಾಜ್ಞವಲ್ಕ್ಯನ ಸಭೆಯಲ್ಲಿ ನನಗೆ 1080 ಪಣ ಬೀಳುತ್ತಿತ್ತು. ಕೊಂಡವರ ಮನೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡು, ನಷ್ಟದ ಅರ್ಧವನ್ನು ಕಂತುಗಳಲ್ಲಿ ತೆತ್ತೆನು. ಅಂದಿನಿಂದ ಯಾವ ನಾಣ್ಯದ ಮೇಲೂ ಬರೆಯದೆ, ತೂಗದೆ ಅಭಿಪ್ರಾಯವನ್ನು ಹೇಳಿದುದಿಲ್ಲ. ತೆತ್ತುದರಿಂದಲೇ ಈ ಶಿಸ್ತು ಬಂದಿತೆಂದು ನನ್ನ ನಂಬಿಕೆ.

ಉಪಾಧ್ಯಾಯರಿಗೆ ಹಣವು ಹಿಂದಿರುಗಲಿಲ್ಲ. ಅವರು ಸಂಪುಟವನ್ನು ಒಡೆದು, ವರಾಹವನ್ನು ಹೊರತೆಗೆದು, ಹೊಸದೊಂದು ಚೀಟಿಯನ್ನು ಬರೆದರು. ತೂಕ, ಬರಹದ ಪಾಠ, ಕೆಳದಿಯದೆನ್ನಲು ಕಾರಣ, ದಿನಾಂಕ ಇಷ್ಟೂ ಅದರಲ್ಲಿವೆ. ಅಡಿಯಲ್ಲಿ ಅವರ ಸಹಿ. ಅವರ ಅಪೇಕ್ಷೆಯಂತೆ ನನ್ನದೂ ಉಂಟು. ಈಗ ಆ ಇಕ್ಕೇರಿ ವರಾಹವು ಶಿವಪ್ಪನಾಯಕನ ಪಾಠದ ದಿನ ಮಕ್ಕಳ ಕೈಯಿಂದ ಕೈಗೆ ಹೋಗುವುದು.

ಬಿ.ಜಿ. ಕೆರೆಯಿರುವ ತಾಲೂಕಿನಲ್ಲಿಯೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುವು, 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸಾಮ್ರಾಟನ ಆಜ್ಞೆಯನ್ನು ಕಲ್ಲಿಗೆ ಇಳಿಸಿದವನು ಕೊನೆಯಲ್ಲಿ ಚಪಡನೆಂಬ ತನ್ನ ಹೆಸರನ್ನು ಬರೆದು, ಲಿಪಿಕಾರನೆಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿರುವನು. ಬರಹದಲ್ಲಿ ತಪ್ಪಿದ್ದರೆ ಯಾರನ್ನು ಕೇಳಬೇಕೆಂಬುದು ಇಂದಿಗೂ ತಿಳಿದಿದೆ. ನಾಣ್ಯದ ಚೀಟಿಯನ್ನು ಕೈಗೆ ತೆಗೆದುಕೊಂಡ ಸಂಗ್ರಾಹಕನು ಸಂಸ್ಥೆಯ ಕೀರ್ತಿಯನ್ನು ವಿಚಾರಿಸುವುದಕ್ಕೆ ಮುಂಚೆ ಅಲ್ಲಿ ಚಪಡನಿರುವನೇ ಎಂದು ನೋಡಲಿ.